ಮನೆ ನಡೆಸಿದವರಿಗೆ ಸಾಲಿ ಹೊಸದೇನಲ್ಲ

(ಜತ್ತ ತಾಲೂಕಿನ ಕನ್ನಡ ಸಾಕ್ಷರತಾ ವರ್ಗದಲ್ಲಿ, ಶಾಲಾ ಸಮಿತಿಗೆ ಆಯ್ಕೆಯಾದ ಪಾಲಕರ ಮುಂದೆ ಸಂಯೋಜಕಿ ಮಾಡಿದ ಭಾಷಣ)

ಅವ್ವಂದಿರೇ, ಅಕ್ಕಂದಿರೇ, ಹಿಂದೆ ಗೋಡೆಗೆ ಆತು ನಿಂತಿರುವ ಅಣ್ಣಂದಿರೇ,

ನಮ್ಮ ವರ್ಗದ ಕೆಲವರು ಈ ಸಲ ತಮ್ಮ ಊರಿನ ಕನ್ನಡ ಶಾಲೆಯ ವ್ಯವಸ್ಥಾಪನ ಸಮಿತಿಗೆ ಆಯ್ಕೆಯಾಗಿದ್ದಾರೆ. ಸಂತೋಷದ ಸಂಗತಿ. ಆದರೆ ಅವರ ಬಾಯಲ್ಲಿ ಒಂದೇ ಮಾತು. “ಬಾಯಾರ, ನಾವು ಮನ್ಯಾಗ ದುಡಿಯೋರು. ಸಾಲಿ ನಡೆಸೋದು ನಮಗೇನು ತಿಳೀತೈತಿ? ಮಾಸ್ತರು ತೋರಿಸಿದಲ್ಲಿ ಸಹಿ ಮಾಡ್ತೀವಿ.” ಇವತ್ತು ಈ ಮಾತಿನ ಬಗ್ಗೆಯೇ ಮಾತಾಡೋಣ.

ಮೊದಲು ಕಾಯಿದೆ ಏನು ಹೇಳುತ್ತದೆ ನೋಡ್ರಿ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೆಯ ಕಲಮಿನ ಪ್ರಕಾರ ಸರಕಾರಿ ಶಾಲೆಗೆ ಒಂದು ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ತಂದೆ-ತಾಯಿ ಅಥವಾ ಪಾಲಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಹನ್ನೆರಡು ಮಂದಿಯ ಸಮಿತಿ ಅಂದರೆ ಒಂಬತ್ತು ಮಂದಿ ಪಾಲಕರು, ಆರು ಮಂದಿ ಹೆಂಗಸರು. ಶಾಲೆ ಹೇಗೆ ನಡೆದಿದೆ ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಎಲ್ಲಿ ಖರ್ಚಾಯಿತು ನೋಡುವುದು ಇವರ ಕೆಲಸ. ದೊಡ್ಡ ಪದವಿ ಪಡೆದವರನ್ನು ಹುಡುಕಿ ತನ್ನಿರಿ ಅಂತ ಕಾಯಿದೆ ಹೇಳಲಿಲ್ಲ. ಮಗುವಿನ ತಾಯಿ ಇರಲಿ ಅಂತ ಹೇಳಿತು.

ಯಾಕೆ ಹಾಗೆ ಹೇಳಿತು? ಅಕ್ಕಿ ಚೀಲದಿಂದಲೇ ಶುರು ಮಾಡೋಣ.

ಮನೆಯಲ್ಲಿ ಜೋಳದ ಚೀಲವನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡುತ್ತೀರೇನು? ಇಲ್ಲ. ಕೆಳಗೆ ಹಲಗೆ ಹಾಕುತ್ತೀರಿ. ಒಣಗಿದ ಬೇವಿನ ಸೊಪ್ಪು ಸೇರಿಸುತ್ತೀರಿ. ಬಾಯಿ ಬಿಚ್ಚಿದ ಕೂಡಲೇ ವಾಸನೆ ನೋಡುತ್ತೀರಿ. ಒಂದು ಚೀಲ ಎಷ್ಟು ದಿನ ಬರುತ್ತದೆ ಎಂಬುದು ನಿಮಗೆ ಬೆರಳ ತುದಿಯಲ್ಲಿರುತ್ತದೆ. ಎರಡು ದಿನ ಮೊದಲೇ ಮುಗಿದರೆ ಯಾಕೆ ಮುಗಿಯಿತು ಅಂತ ಕೇಳುತ್ತೀರಿ. ಶಾಲೆಯ ಊಟದ ಕೋಣೆಯಲ್ಲಿ ಇದೇ ಕಣ್ಣು ಬೇಕು. ಬಿಸಿಯೂಟದ ನಿಯಮದಂತೆ ಐದನೆಯತ್ತೆವರೆಗಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ, 5 ಗ್ರಾಂ ಎಣ್ಣೆ. ನಲವತ್ತು ಮಕ್ಕಳು ಉಂಡರೆ ನಾಲ್ಕು ಕಿಲೋ ಅಕ್ಕಿ, 800 ಗ್ರಾಂ ಬೇಳೆ. ಐವತ್ತು ಕಿಲೋ ಚೀಲ ಹನ್ನೆರಡು ದಿನ ದಾಟಬೇಕು. ಒಂಬತ್ತೇ ದಿನಕ್ಕೆ ಬರಿದಾದರೆ, ಮನೆಯಲ್ಲಿ ಕೇಳಿದಂತೆ ಶಾಲೆಯಲ್ಲೂ ಕೇಳ್ರಿ. ಕೇಳಿದ ಮಾತ್ರಕ್ಕೆ ಯಾರನ್ನೂ ಕಳ್ಳರು ಅಂದಂತೆ ಆಗುವುದಿಲ್ಲ. ಬೇಳೆ ನೀರಾಗಿದ್ದರೆ ಅದನ್ನು ಕಾಗದ ನೋಡಿ ತಿಳಿಯಬೇಕಾಗಿಲ್ಲ. ಸೌಟು ಎತ್ತಿದರೆ ನಿಮಗೆ ತಿಳಿಯುತ್ತದೆ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು ಎಂಬ ನಿಯಮವೂ ಇದೆ. ವಾರಕ್ಕೊಬ್ಬ ತಾಯಿ ಹೋಗಿ ಒಂದು ತುತ್ತು ಉಂಡು ಬರಲಿ.

ಮಾಳಿಗೆ ಮನೆಯವರು ಮಿರಗದ ಮಳೆಗೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕುತ್ತಾರೆ. ಸೋರಲು ಶುರುವಾದ ಮೇಲೆ ಹತ್ತುವುದಿಲ್ಲ. ನಮ್ಮ ಕಡೆ ಶಾಲೆ ಶುರುವಾಗುವುದೂ ಜೂನ್ ನಡುವಿಗೆ, ಮಳೆಯೂ ಆಗಲೇ. ಹಾಗಾದರೆ ಶಾಲೆಯ ಹೆಂಚು, ಪತ್ರಾ, ಸಂಡಾಸದ ನೀರು ಇವನ್ನೆಲ್ಲ ನೋಡಬೇಕಾದ್ದು ಮೇ ತಿಂಗಳಲ್ಲಿ. ಅಭಿವೃದ್ಧಿ ಯೋಜನೆ ಅನ್ನುವ ದೊಡ್ಡ ಹೆಸರಿನ ಕಾಗದದಲ್ಲಿ ಇರಬೇಕಾದ್ದು ಇಂಥ ಸಂಗತಿಯೇ.

ಇನ್ನು ಕಬ್ಬಿನ ಹಂಗಾಮು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಮ್ಮ ಶಾಲೆಗಳ ಜೀವ ಇದರಲ್ಲೇ ಇದೆ. ದೀಪಾವಳಿಯ ಹೊತ್ತಿಗೆ ಮುಕಾದಮ ಬರುತ್ತಾನೆ. ಮುಂಗಡ ತಗೊಂಡ ಜೋಡಿಗಳು ಕಬ್ಬು ಕಡಿಯಲು ಹೋಗುತ್ತವೆ. ತಿರುಗಿ ಬರುವುದು ಶಿವರಾತ್ರಿ, ಯುಗಾದಿಯ ಸುಮಾರಿಗೆ. ಮಗು ಸಂಗಡ ಹೋದರೆ ಅರ್ಧ ವರ್ಷದ ಕಲಿಕೆ ಹೋಯಿತು. ಹಾಜರಿ ಪುಸ್ತಕದಲ್ಲಿ ಅದಕ್ಕೆ “ಗೈರು” ಅಂತ ಬರೆಯುತ್ತಾರೆ, ಅಷ್ಟೇ. ಮನೆಯಲ್ಲಿ ಹಾಗೆ ಮಾಡುತ್ತೀರೇನು? ದೀಪ ಹಚ್ಚುವ ಹೊತ್ತಿಗೆ ಮಗು ಮನೆಗೆ ಬಾರದಿದ್ದರೆ ಓಣಿಗೆ ಬಂದು ನಿಲ್ಲುತ್ತೀರಿ, ನಾಲ್ಕು ಮನೆ ಕೇಳುತ್ತೀರಿ. ಯಾವ ಮನೆಯವರು ಈ ವರ್ಷ ಹೊರಟಿದ್ದಾರೆ, ಆ ಮನೆಯ ಅಜ್ಜಿ ಗಟ್ಟಿ ಇದ್ದಾಳೋ ಇಲ್ಲವೋ, ಹುಡುಗಿಯನ್ನು ಯಾರ ಹತ್ತಿರ ಬಿಡಬಹುದು ಎಂಬುದು ಮಾಸ್ತರಿಗೆ ತಿಳಿಯಲಿಕ್ಕಿಲ್ಲ. ಅವರು ಬೇರೆ ಊರಿನಿಂದ ಗಾಡಿ ಮೇಲೆ ಬಂದು ಹೋಗುವವರು. ನಿಮಗೆ ತಿಳಿದಿದೆ. ದಸರೆಯ ತಿಂಗಳ ಸಭೆಯಲ್ಲೇ ಹೆಸರು ಹಿಡಿದು ಪಟ್ಟಿ ಮಾಡ್ರಿ. ಹಿಂದೆ ಉಳಿಯುವ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ಯೋಜನೆ ನಮ್ಮ ರಾಜ್ಯದಲ್ಲಿ ನಡೆದು ಬಂದಿದೆ. ನಿಮ್ಮ ಊರಿಗೆ ಸಿಗುತ್ತದೇನು ಅಂತ ಮುಖ್ಯಾಧ್ಯಾಪಕರ ಮೂಲಕ ಬರೆದು ಕೇಳ್ರಿ. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ಮಾತು ಮಹಾರಾಷ್ಟ್ರದಲ್ಲಿ 2023ರಲ್ಲಿ ಎದ್ದಿತ್ತು. ವಸ್ತಿಯ ಮೇಲಿನ ಸಣ್ಣ ಕನ್ನಡ ಶಾಲೆಯಲ್ಲಿ ಐದು ಮಕ್ಕಳು ಕಡಿಮೆಯಾದರೂ ಅದು ಸಣ್ಣ ಲೆಕ್ಕವಲ್ಲ. ಆ ಶಾಲೆ ಹೋದರೆ ಹತ್ತಿರದಲ್ಲಿ ಇನ್ನೊಂದು ಕನ್ನಡ ಶಾಲೆ ಸಿಕ್ಕೀತು ಅನ್ನುವ ಭರವಸೆ ಇಲ್ಲ.

ಪಾಠ ಸರಿಯಾಗಿ ನಡೆದಿದೆಯೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು ಅಂತ ಒಬ್ಬ ಅವ್ವ ಕೇಳಿದರು. ರೊಟ್ಟಿ ಬೆಂದದ್ದು ಮುರಿದರೆ ತಿಳಿಯುತ್ತದಲ್ಲ? ರಾತ್ರಿ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪುಸ್ತಕದ ಒಂದು ಪುಟ ಓದಿಸಿರಿ. ಈಗ ನಿಮಗೂ ಅಕ್ಷರ ಬರುತ್ತದೆ. ಮಗು ಬಾಯಿಪಾಠ ಹೇಳುತ್ತಿದೆಯೋ, ಅಕ್ಷರ ನೋಡಿ ಓದುತ್ತಿದೆಯೋ ಅನ್ನುವುದು ಬೆರಳು ಇಟ್ಟು ನೋಡಿದರೆ ಗೊತ್ತಾಗುತ್ತದೆ.

ತಪ್ಪು ಕಂಡಾಗ ಹೇಗೆ ಹೇಳಬೇಕು? ಬೀಗರು ಕೂತಿರುವಾಗ ಸೊಸೆಯನ್ನು ಬೈಯುವ ಅತ್ತೆಗೆ ಊರಲ್ಲಿ ಏನು ಅನ್ನುತ್ತಾರೆ ಅಂತ ನಿಮಗೇ ಗೊತ್ತು. ಮಾಸ್ತರನ್ನು ಮಕ್ಕಳ ಮುಂದೆ ಗದರಿಸಬೇಡ್ರಿ. ಮರುದಿನ ಆ ಮಕ್ಕಳು ಅವರ ಮಾತು ಕೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ ಕೂತು ಮಾತಾಡ್ರಿ. ಅಷ್ಟಕ್ಕೂ ಸರಿಹೋಗದಿದ್ದರೆ ಸಭೆಯಲ್ಲಿ ತಗೊಂಡು ಠರಾವು ಬರೆಸ್ರಿ.

ಆದರೆ ಮನೆಯದ್ದೆಲ್ಲ ಶಾಲೆಗೆ ಒಯ್ಯಬೇಕು ಅಂತ ನಾನು ಹೇಳುವುದಿಲ್ಲ. ಕೆಲವನ್ನು ಹೊಸಿಲ ಒಳಗೇ ಬಿಟ್ಟು ಹೋಗಬೇಕು. ಹುಡುಗನಿಗೆ ಮೊದಲು ಬಡಿಸಿ ಹುಡುಗಿಗೆ ಉಳಿದದ್ದು ಹಾಕುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅದು ಮನೆಯಲ್ಲೂ ತಪ್ಪೇ. ಊಟದ ಪಂಕ್ತಿಯಲ್ಲಿ ಯಾರ ಮಗು ಎಲ್ಲಿ ಕೂತಿದೆ ಅಂತ ನೋಡ್ರಿ. ಒಂದು ಓಣಿಯ ಮಕ್ಕಳು ಬೇರೆ ಸಾಲಿನಲ್ಲಿ ಕೂತಿದ್ದರೆ ಅಂದೇ ಕೇಳ್ರಿ. “ಮಾಸ್ತರ, ಎರಡು ಏಟು ಹಾಕ್ರಿ, ನಾವೇನೂ ಅನ್ನೋದಿಲ್ಲ” ಅಂತ ಪ್ರೀತಿಯಿಂದ ಹೇಳುವ ಅಪ್ಪಂದಿರು ಇಲ್ಲೇ ಇದ್ದಾರೆ. ಅದೇ ಕಾಯಿದೆಯ 17ನೆಯ ಕಲಮು ಹೊಡೆಯುವುದನ್ನೂ, ಮಗುವಿನ ಮನಸ್ಸು ನೋಯಿಸಿ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಇನ್ನೊಂದು, ಮನೆಯ ಮಾತು ಹೊರಗೆ ಹೋಗಬಾರದು ಅನ್ನುವ ನಮ್ಮ ಪದ್ಧತಿ. ಶಾಲೆಯ ಹಣಕ್ಕೆ ಅದು ಬೇಡ. ಅಲ್ಲಿ ಬಚತ ಗಟದ ಪದ್ಧತಿ ಇರಲಿ. ಗಟದಲ್ಲಿ ಹತ್ತು ರೂಪಾಯಿ ಬಂದರೂ ಎಲ್ಲರ ಮುಂದೆ ಓದಿ ಹೇಳುತ್ತೀರಿ. ಶಾಲೆಯ ಅನುದಾನವನ್ನೂ ಹಾಗೇ ಓದಿಸ್ರಿ.

ಸಭೆಯ ಮಾತೂ ಒಂದಿದೆ. ಹೆಂಡತಿ ಸದಸ್ಯೆ, ಸಭೆಗೆ ಹೋಗುವವನು ಗಂಡ. ಇದು ಆಗಬಾರದು. ಕುರ್ಚಿ ಕಡಿಮೆ ಇದ್ದರೆ ಎಲ್ಲರೂ ಜಮಖಾನೆ ಮೇಲೆ ಕೂಡ್ರಿ. ಮೇಲಿನಿಂದ ಬರುವ ಪತ್ರ ಮರಾಠಿಯಲ್ಲಿ ಇರುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ “ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳ್ರಿ” ಅಂತ ಕೇಳಲು ನಾಚಬೇಡ್ರಿ. ಕೇಳಿ ತಿಳಿದ ಮೇಲೆ ಸಹಿ. ಖಾಲಿ ಪುಟದ ಮೇಲೆ ಸಹಿ ಮಾಡಲೇಬೇಡ್ರಿ. ಮನೆಯ ಉತಾರಾ ಕಾಗದದ ಮೇಲೆ ಓದದೆ ಸಹಿ ಹಾಕುತ್ತೀರೇನು?

ಸರಿ, ಮಾತು ಸಾಕು. ಪಾಟಿ ತಗೊಳ್ರಿ. ನಿಮ್ಮ ಶಾಲೆಯಲ್ಲಿ ಇವತ್ತು 27 ಮಕ್ಕಳು ಉಂಡರು ಅಂತ ತಿಳೀರಿ, ಎಲ್ಲರೂ ಐದನೆಯತ್ತೆಯ ಒಳಗಿನವರು. ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಬೇಕು? ಲೆಕ್ಕ ಮಾಡಿ ತೋರಿಸ್ರಿ. ಅಣ್ಣಂದಿರೇ, ನೀವೂ ಮುಂದೆ ಬಂದು ಕೂಡ್ರಿ.