ಮಡಿದವರ ಮನೆಯ ಒಲೆ

(ನರಸಾಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 

ಸಹೋದರರೇ, ಹಿಜರಿ 8ನೇ ವರ್ಷ ಮೂತಾ ಯುದ್ಧದಲ್ಲಿ ಜೈದ್, ಜಾಫರ್, ಅಬ್ದುಲ್ಲಾ ಬಿನ್ ರವಾಹಾ(ರ) ಎಂಬ ಮೂವರು ಸೇನಾನಿಗಳು ಒಬ್ಬರ ಹಿಂದೊಬ್ಬರು ಶಹೀದರಾದರು. ಪ್ರವಾದಿವರ್ಯರು(ಸ) ಜಾಫರ್‌ರ ಮನೆಗೆ ಹೋದರು. ಅವರ ಪತ್ನಿ ಅಸ್ಮಾ(ರ) ಹಿಟ್ಟು ನಾದಿಟ್ಟು, ಮಕ್ಕಳಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ ಕಾಯುತ್ತಿದ್ದರು. ಪ್ರವಾದಿವರ್ಯರು(ಸ) ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನೋಡಿ ಅಸ್ಮಾರವರಿಗೆ ವಿಷಯ ತಿಳಿಯಿತು. ಆಮೇಲೆ ಪ್ರವಾದಿವರ್ಯರು(ಸ) ತಮ್ಮ ಮನೆಯವರಿಗೆ ಹೇಳಿದ್ದು ಇಷ್ಟೇ: ಜಾಫರ್‌ರ ಮನೆಯವರಿಗೆ ಅಡುಗೆ ಮಾಡಿ ಕಳಿಸಿ, ಈಗ ಅವರಿಗೆ ಅಡುಗೆಯ ಕಡೆ ಗಮನ ಇರದು. ತಂದೆಯಿಲ್ಲದ ಮಕ್ಕಳ ಗತಿಯೇನೆಂದು ಆ ತಾಯಿ ಚಿಂತಿಸಿದಾಗ, ಅವರಿಗೆ ನಾನಿದ್ದೇನೆ ಎಂದರು.

ಜಾಫರ್‌ರಿಗೆ ಜನ್ನತ್ತಿನಲ್ಲಿ ಎರಡು ರೆಕ್ಕೆ ಸಿಕ್ಕಿದ್ದನ್ನು ನಾವು ಪ್ರತಿ ಜಲ್ಸಾದಲ್ಲೂ ಹೇಳುತ್ತೇವೆ. ಈ ಅಡುಗೆಯ ಮಾತನ್ನು ಹೇಳುವುದು ಕಡಿಮೆ. ಸಾವಿನ ಮನೆಗೆ ನಾವು ಊಟ ಕಳಿಸಬೇಕು. ಬದಲಿಗೆ ಮೂರನೇ ದಿನ ಆ ಮನೆಯಿಂದಲೇ ಬಿರಿಯಾನಿ ನಿರೀಕ್ಷಿಸುತ್ತೇವೆ. ಅದು ಇನ್ನೊಂದು ಜುಮಾದ ವಿಷಯ, ಬಿಡಿ.

ನಮ್ಮ ಕೋಲಾರದ ಮಕ್ಬರಾವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿರುವುದು ಹೈದರಲಿಯವರ ತಂದೆ ಫತೇ ಮುಹಮ್ಮದರ ಗೋರಿ. ಶಿರಾ ನವಾಬರ ಸೇವೆಯಲ್ಲಿದ್ದ ಅವರು ಯುದ್ಧದಲ್ಲಿ ಮಡಿದಾಗ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಇನ್ನೂ ಎಳೆಯ ಹುಡುಗ. ಆ ಯತೀಮ್ ಮಕ್ಕಳಿಗೆ ಆಸರೆಯಾದದ್ದು ಮೈಸೂರಿನ ಸೇವೆಯಲ್ಲಿದ್ದ ಒಬ್ಬ ಸಂಬಂಧಿ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಅವರ ಮಯ್ಯತ್ತನ್ನು ಮೊದಲು ತಂದದ್ದು ಇಲ್ಲಿಗೇ, ತಂದೆಯ ಬಳಿಗೆ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಅಷ್ಟು ಯುದ್ಧ ಗೆದ್ದವರ ಬಾಲ್ಯವನ್ನೂ ಒಂದು ಯುದ್ಧವೇ ಕಸಿದುಕೊಂಡಿತ್ತು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮೈಸೂರು ಮಹಾರಾಜರ ಈ ಕುದುರೆ ಪಡೆ ಕಡಲು ದಾಟಿ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಫೆಲೆಸ್ತೀನಿನ ಹೈಫಾ ಊರನ್ನು ಗೆದ್ದಿತು. ಪಡೆಯಲ್ಲಿ ಹಿಂದೂಗಳಿದ್ದರು, ಮುಸ್ಲಿಮರೂ ಇದ್ದರು. ಎದುರಿಗಿದ್ದದ್ದು ತುರ್ಕಿ ಖಲೀಫರ ಸೈನ್ಯ. ಎರಡೂ ಕಡೆ ಒಂದೇ ಕಲಿಮಾ ಓದುವವರು! ಬ್ರಿಟಿಷರ ಪರವಾಗಿ ಖಲೀಫರ ಮೇಲೆ ಹೋದವರನ್ನು ನಾವೇಕೆ ನೆನೆಯಬೇಕು ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಪ್ರಶ್ನೆ ಸಣ್ಣದಲ್ಲ. ಆ ಯುದ್ಧ ಸರಿಯೋ ತಪ್ಪೋ ಎನ್ನುವುದು ಒಂದು ಲೆಕ್ಕ, ಸತ್ತವನ ಲೆಕ್ಕ ಬೇರೆ. ಅದು ಅಲ್ಲಾಹನ ಬಳಿ ಇದೆ. ಒಬ್ಬ ಯಹೂದಿಯ ಶವ ಹಾದುಹೋದಾಗ ಪ್ರವಾದಿವರ್ಯರು(ಸ) ಎದ್ದು ನಿಂತರು. ಅದು ಯಹೂದಿಯದಲ್ಲವೇ ಎಂದವರಿಗೆ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಆ ಸವಾರರ ದಾರಿ ಕಾದ ತಾಯಂದಿರು ನಮ್ಮ ನಾಡಿನವರು. ಅವರನ್ನು ನೆನೆದರೆ ಆ ಯುದ್ಧವನ್ನು ಹೊಗಳಿದಂತಲ್ಲ.

ಶತ್ರುವನ್ನು ಎದುರಿಸುವ ದಿನ ಬರಲಿ ಎಂದು ಆಸೆಪಡಬೇಡಿ, ಅಲ್ಲಾಹನಲ್ಲಿ ಆಫಿಯತ್ ಬೇಡಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಯುದ್ಧ ಬಂದೇ ಬಿಟ್ಟರೆ ಸಬರ್‌ನಿಂದ ನಿಲ್ಲಬೇಕು, ಆದರೆ ಅದನ್ನು ಬಯಸಬಾರದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರ ಕೊಲೆಯಾಯಿತು. ಅದು ಮಹಾಪಾಪ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರುತ್ತಿದ್ದಾಗ ನಮ್ಮ ಮೊಬೈಲುಗಳಲ್ಲಿ ಏನೇನು ಓಡಾಡಿತು? ಯಾವುದೋ ಆಟದ ವಿಡಿಯೋವನ್ನು ಯುದ್ಧವೆಂದು ಹಂಚಿದವರಿದ್ದರು. ಮೇ 10ರಂದು ಕದನವಿರಾಮವಾದಾಗ, ಅಯ್ಯೋ ಇಷ್ಟಕ್ಕೇ ಮುಗಿಯಿತೇ ಎಂದವರೂ ಇದ್ದರು. ಗಡಿಯಲ್ಲಿ ಮಗನನ್ನು ಬಿಟ್ಟ ಯಾವ ತಾಯಿಯೂ ಹಾಗೆ ಅಂದಿರಲಾರಳು.

ಸುಲಹ್ ಮಾಡಲು ಎದೆಗಾರಿಕೆ ಬೇಕು. ಹುದೈಬಿಯಾದಲ್ಲಿ ಒಪ್ಪಂದ ಬರೆಯುವಾಗ ‘ಅಲ್ಲಾಹನ ರಸೂಲ್’ ಎಂಬ ಪದಕ್ಕೆ ಮಕ್ಕಾದವರು ತಕರಾರು ತೆಗೆದರು. ಅಳಿಸಲು ಅಲಿಯವರಿಗೆ(ರ) ಕೈ ಬರಲಿಲ್ಲ. ಪ್ರವಾದಿವರ್ಯರೇ(ಸ) ಅಳಿಸಿದರು, 10 ವರ್ಷದ ಶಾಂತಿಗಾಗಿ. ನಾವು ಗಾಡಿ ನಿಲ್ಲಿಸುವ ಜಾಗಕ್ಕೆ ಹುಟ್ಟಿದ ಜಗಳದಲ್ಲೂ ಒಂದು ಮಾತು ಬಿಟ್ಟುಕೊಡುವುದಿಲ್ಲ. ಕೈಗಾರಿಕಾ ಪ್ರದೇಶವಾದ ಮೇಲೆ ನರಸಾಪುರಕ್ಕೆ ಎಷ್ಟೋ ರಾಜ್ಯಗಳ, ಎಷ್ಟೋ ಭಾಷೆಗಳ ಮಕ್ಕಳು ಬಂದಿದ್ದಾರೆ. ಟೀ ಅಂಗಡಿಯ ಮುಂದಿನ ಒಂದು ಮಾತು ರಾತ್ರಿಯೊಳಗೆ ಜಾತಿ, ಧರ್ಮದ ಜಗಳವಾಗಬಹುದು. ಅಂಥ ಕಡೆ ಇಬ್ಬರ ನಡುವೆ ಹೋಗಿ ನಿಲ್ಲುವ ಹಿರಿಯರು ಬೇಕು. ಜನರ ನಡುವೆ ರಾಜಿ ಮಾಡಿಸುವುದು ನಫಿಲ್ ರೋಜಾ, ನಮಾಜುಗಳಿಗಿಂತ ಮೇಲು ಎಂದು ಹದೀಸ್‌ನಲ್ಲಿ ಬಂದಿದೆ.

ನಿಮ್ಮ ಬೀದಿಯಲ್ಲಿ, ನಿಮ್ಮ ತವರೂರಿನಲ್ಲಿ ಸೈನಿಕರ ಮನೆ ಯಾವುದೆಂದು ವಿಚಾರಿಸಿ. ಮಗನನ್ನು ಕಳೆದುಕೊಂಡ ಮನೆಯಿದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ಒಮ್ಮೆ ಹೋಗಿ ಕುಳಿತು ಬನ್ನಿ. ಪಿಂಚಣಿ ಕಾಗದಕ್ಕೆ ತಾಲ್ಲೂಕು ಕಚೇರಿಗೆ ಅಲೆಯುವ ಮುದುಕರಿದ್ದರೆ, ಓದಿದ ಹುಡುಗರು ಜೊತೆಗೆ ಹೋಗಿ.

ಯಾ ಅಲ್ಲಾಹ್, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ನೀನು ಆಸರೆಯಾಗು. ಗಡಿಯಲ್ಲಿರುವವರನ್ನು ಮನೆ ಮುಟ್ಟಿಸು. ನಮ್ಮ ನಾಲಿಗೆಯಿಂದ, ನಮ್ಮ ಬೆರಳಿನಿಂದ ಯಾರ ಮನೆಗೂ ಬೆಂಕಿ ಬೀಳದಂತೆ ಕಾಪಾಡು. ಆಮೀನ್.