ಮಗಳ ಮನೆಯ ಮಂಚ



ಶನಿವಾರ ಮಧ್ಯಾಹ್ನ ಕಲಬುರಗಿ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಕಡೆಯ ಬಸ್ಸಿಗೆ ಕಾಯುವ ಹೆಂಗಸರನ್ನು ನೋಡಿದ್ದೀರಾ? ಹೆಗಲಿಗೆ ಕೆಲಸದ ಚೀಲ, ಕೈಯಲ್ಲಿ ಗುಳಿಗೆಯ ಪೊಟ್ಟಣ, ಕಿವಿಗೆ ಫೋನು: "ಅನ್ನ ಬಿಸಿ ಮಾಡ್ಕೊಂಡು ಉಣ್ಣು ಮಗಾ, ಸಂಜೀಗಿ ಬರ್ತೀನಿ."

ಅವರಲ್ಲಿ ನಾನೂ ಒಬ್ಬಳು. ಪಾಠ ಹೇಳುವುದು ಕಲಬುರಗಿಯಲ್ಲಿ, ತವರು ಕಮಲಾಪುರ. ಮಹಾಗಾಂವ್ ಕ್ರಾಸ್ ದಾಟಿ ತಾಸು ಹೊತ್ತಿನಲ್ಲಿ ಅವ್ವನ ಮುಂದಿರುತ್ತೇನೆ. 2023ರ ಜೂನ್ 11ಕ್ಕೆ ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ಟಿನ ದುಡ್ಡು ಅವಳ ಗುಳಿಗೆಗೆ ಒದಗುತ್ತಿದೆ. ಅದಕ್ಕೆ ನಾನು ಋಣಿ.

ಅವ್ವನನ್ನು ಇಲ್ಲಿಗೇ ಕರೆತರಬಾರದೇ? ಎಷ್ಟೋ ಸಲ ಕರೆದೆ. "ಮಗಳ ಮನ್ಯಾಗ ಎಷ್ಟ ದಿನ ಇರ್ಲಿ ಯವ್ವಾ, ಮಂದಿ ಏನಂತಾರ" ಅನ್ನುತ್ತಿದ್ದಳು. ನನ್ನ ತಮ್ಮನ ಮನೆ ಅವಳ ಹಕ್ಕಿನ ಮನೆ, ಆದರೆ ಅದು ದೂರದ ಪುಣೆಯಲ್ಲಿ. ಆರೈಕೆ ಮಗಳಿಂದ ಆಗಬೇಕು, ಇರುವುದು ಮಾತ್ರ ಮಗಳ ಮನೆಯಲ್ಲಿ ಆಗಬಾರದು. ಎಂಥ ನಂಬಿಕೆ ಇದು! ಹೆತ್ತವರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಮಗನನ್ನೂ ಮಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ನಮ್ಮ ಪಡಸಾಲೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಮಂದಿಯ ಆರೈಕೆಗೆ ನಿಲ್ಲುವ 15ರಿಂದ 59 ವಯಸ್ಸಿನ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಕಪ್ಪುಹಲಗೆಯ ಮೇಲೆ ಲೆಕ್ಕ ಬರೆಯುತ್ತಲೇ 'ಅವ್ವ ಬಿ.ಪಿ. ಗುಳಿಗೆ ನುಂಗಿದಳೋ ಇಲ್ಲೋ' ಎಂದು ಮನಸ್ಸು ಓಡುತ್ತದಲ್ಲ, ಆ ನಿಮಿಷಗಳನ್ನು ಎಣಿಸುವವರು ಯಾರು? "ಎಲ್ಲಾ ಹ್ಯಾಂಗ ಸಂಭಾಳಸ್ತೀವ್ವಾ!" ಎಂದು ಹೊಗಳುವವರು ಬಹಳ. ಹಾಗೆ ಹೊಗಳಿದ ಒಬ್ಬರೂ ಒಂದು ಕೆಲಸವನ್ನು ನನ್ನ ಕೈಯಿಂದ ಇಸಿದುಕೊಳ್ಳಲಿಲ್ಲ. ನನಗೆ ನೋವಾಗುವುದು ಅಲ್ಲೇ.

ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಹೆತ್ತವರ ಆರೈಕೆಗೆ? 2024ರ ನವೆಂಬರಿನಲ್ಲಿ ಅಸ್ಸಾಂ ಸರ್ಕಾರ ತಂದೆತಾಯಿ, ಅತ್ತೆಮಾವಂದಿರ ಜೊತೆ ಇರಲೆಂದೇ ನೌಕರರಿಗೆ ಎರಡು ದಿನ ವಿಶೇಷ ರಜೆ ನೀಡಿತು. ಎರಡೇ ದಿನ, ನಿಜ. ಆದರೆ ಹೆಣ್ಣಿಗೂ ಗಂಡಿಗೂ.

ಹೋದ ತಿಂಗಳು ನಾನು ಹೇಳದೆಯೇ ನನ್ನ ಯಜಮಾನರು ಕಮಲಾಪುರಕ್ಕೆ ಹೋದರು. "ಅತ್ತೀ, ನಿಮಗಂತ ಮಂಚ ಹಾಕೀನಿ, ನಡೀರಿ" ಅಂದರಂತೆ. ಮಗಳು ಕರೆದಾಗ ಬಾರದವಳು ಅಳಿಯ ಕರೆದಾಗ ಎದ್ದಳು. ಬರಿಗೈಲಿ ಬರಲಾರದೆ ಮೊಮ್ಮಗನಿಗೆ ನಮ್ಮೂರ ಕೆಂಪು ಬಾಳೆಹಣ್ಣು ತಂದಳು. ಹನ್ನೆರಡು ದಿನ ಇದ್ದಳು. ಗುಳಿಗೆಯ ಹೊತ್ತಿಗೆ ಅಳಿಯನನ್ನೇ ಕೂಗುತ್ತಿದ್ದಳು. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಅವರಿಗೀಗ ಬಾಯಿಪಾಠ.

ಮತ್ತೆ ಊರಿಗೆ ಹೋಗಿದ್ದಾಳೆ. ಕಿಟಕಿಯ ಪಕ್ಕದ ಆ ಮಂಚವನ್ನು ನಾವು ತೆಗೆದಿಲ್ಲ.