ಸರ್ಪಗಂಧದ ಅಂಗಾಂಶ ಸಸಿ: ಕೊಳ್ಳುವ ಮುನ್ನ
(ರೈತರಿಗೆ ನೀಡಿದ ಉಪನ್ಯಾಸ)



ಸರ್ಪಗಂಧದ ಬೇರಿಗೆ ಆಯುರ್ವೇದದಲ್ಲಿ ಹಿಂದಿನಿಂದಲೂ ಸ್ಥಾನವಿದೆ. ರಕ್ತದೊತ್ತಡ ತಗ್ಗಿಸುವ ರಿಸರ್ಪಿನ್ ಎಂಬ ಸಸ್ಯಕ್ಷಾರವನ್ನು 1952ರಲ್ಲಿ ಈ ಬೇರಿನಿಂದ ಬೇರ್ಪಡಿಸಿದ ಮೇಲೆ ಬೇಡಿಕೆ ಏರಿ, ಕಾಡಿನ ಗಿಡಗಳಿಗೆ ಕುತ್ತು ಬಂದಿತು. ಬೇರನ್ನೇ ಕಿತ್ತರೆ ಗಿಡ ಉಳಿಯುವುದೆಲ್ಲಿ? ಹೊಲದಲ್ಲಿ ಬೆಳೆಯುವುದೊಂದೇ ದಾರಿ.

ತೊಡಕಿರುವುದು ಬೀಜದಲ್ಲಿ. ಗಟ್ಟಿ ಓಟೆಯ ಈ ಬೀಜಗಳಲ್ಲಿ ಜೊಳ್ಳು ಬಹಳ; ಹಳೆಯದಾದಷ್ಟೂ ಮೊಳಕೆ ಕಡಿಮೆ. ಕಾಂಡದ ತುಂಡು ನೆಟ್ಟರೆ ಚಿಗುರುತ್ತದೆ, ಆದರೆ ಬೀಜದ ಗಿಡದಷ್ಟು ಬೇರು ಕೊಡುವುದಿಲ್ಲ. ಅಂಗಾಂಶ ಕೃಷಿಯತ್ತ ಗಮನ ಹರಿದಿರುವುದು ಈ ಕಾರಣದಿಂದ.

ಆಯ್ದ ತಾಯಿಗಿಡದ ಗೆಣ್ಣನ್ನು ಮೊಗ್ಗಿನ ಸಮೇತ ಕತ್ತರಿಸಿ, ರೋಗಾಣುಗಳನ್ನು ಕಳೆದು, ಲವಣ, ಸಕ್ಕರೆ ಮತ್ತು ಬೆಳವಣಿಗೆಯ ಚೋದಕಗಳಿರುವ ಅಗಾರ್ ಮಾಧ್ಯಮದಲ್ಲಿ ಇಡುತ್ತಾರೆ. ಸೈಟೊಕೈನಿನ್ ಚೋದಕದಿಂದ ಹಲವು ಚಿಗುರು ಒಡೆಯುತ್ತವೆ; ಅವನ್ನು ಬಿಡಿಸಿ ಆಕ್ಸಿನ್ ಇರುವ ಬಾಟಲಿಗೆ ಬದಲಿಸಿದರೆ ಬೇರು ಬರುತ್ತದೆ. ಇದು ಪ್ರಯೋಗಾಲಯದ ಕೆಲಸ. ರೈತರು ತಿಳಿದಿರಬೇಕಾದದ್ದು ಬೇರೆ: ಸಸಿ ತಾಯಿಯ ಪಡಿಯಚ್ಚು. ತಾಯಿಯ ಗುಣವೇ ಕಳಪೆಯಾಗಿದ್ದರೆ ಸಾವಿರ ಸಸಿಗಳ ಗುಣವೂ ಕಳಪೆಯೇ. ಹಣ ಕೊಡುವ ಮುನ್ನ ತಾಯಿಗಿಡ ಯಾವುದು, ಅದರ ಬೇರಿನ ಸತ್ವ ಪರೀಕ್ಷಿಸಿದ್ದಾರೆಯೇ ಎಂದು ಕೇಳಬೇಕು. ಸಸಿ ಗೆಣ್ಣಿನ ಮೊಗ್ಗಿನಿಂದ ಬಂದದ್ದೋ, ಜೀವಕೋಶಗಳ ಮುದ್ದೆಯಿಂದ ಬಂದದ್ದೋ ಎಂಬುದನ್ನೂ ವಿಚಾರಿಸಬೇಕು. ಮುದ್ದೆಯಿಂದ ಎದ್ದ ಸಸಿಗಳಲ್ಲಿ ತಾಯಿಗುಣ ತಪ್ಪುವ ಸಂಭವ ಹೆಚ್ಚು.

ಇನ್ನು ಸಾವಿನ ಮಾತು. ಬಾಟಲಿಯೊಳಗೆ ಸದಾ ತೇವ, ಉಣ್ಣಲು ಸಕ್ಕರೆ. ಅಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು. ಪತ್ರರಂಧ್ರಗಳು ಸರಿಯಾಗಿ ಮುಚ್ಚುವುದಿಲ್ಲ. ನೇರ ಬಿಸಿಲಿಗಿಟ್ಟರೆ ಅದೇ ದಿನ ಬಾಡೀತು. ಬೇರಿಗಂಟಿದ ಅಗಾರನ್ನು ಪೂರ್ತಿ ತೊಳೆಯಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಸಸಿಯನ್ನು ನೆರಳಿನಲ್ಲಿ, ಪಾಲಿಥೀನ್ ಹೊದಿಕೆಯಡಿ ಇಟ್ಟು, ಮೂರು ನಾಲ್ಕು ವಾರಗಳಲ್ಲಿ ಹೊದಿಕೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಹದಗೊಳಿಸಬೇಕು. ಹೀಗೆ ಹದಗೊಂಡು ಹೊಸ ಎಲೆ ಬಿಟ್ಟ ಸಸಿಯನ್ನೇ ಕೊಳ್ಳುವುದು ಮೇಲು. ಬಾಟಲಿ ಸಸಿ ಅಗ್ಗವೆಂದು ತಂದು ಅರ್ಧ ಕಳೆದುಕೊಂಡರೆ ಅಗ್ಗವೆಲ್ಲಿ ಉಳಿಯಿತು!

ಮೊದಲ ವರ್ಷವೇ ಎಕರೆಗಟ್ಟಲೆ ನೆಡುವುದು ಬೇಡ. ತಾಜಾ ಬೀಜ ಸಿಗುವವರು ಅದನ್ನು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಒಂದು ದಿನ ನೆನೆಸಿ ಸಸಿಮಡಿಯಲ್ಲಿ ಬಿತ್ತಲಿ. ಆ ಸಸಿಗಳನ್ನೂ ಅಂಗಾಂಶ ಸಸಿಗಳನ್ನೂ ಒಂದೆರಡು ಗುಂಟೆಯಲ್ಲಿ ಪಕ್ಕಪಕ್ಕ ನೆಟ್ಟು, 18 ತಿಂಗಳ ನಂತರ ಬೇರು ಅಗೆದು, ಒಣಗಿಸಿ, ಬೇರೆ ಬೇರೆಯಾಗಿ ತೂಗಿ ನೋಡಲಿ. ಅಗೆಯುವಾಗ ಬೇರಿನ ತೊಗಟೆ ಸುಲಿಯದಂತೆ ಎಚ್ಚರವಿರಲಿ. ಸತ್ವ ಹೆಚ್ಚಾಗಿರುವುದು ಅದರಲ್ಲೇ.